ಜಾಲತಾಣದ ಕೀಲಿಕೈ: ಸಾಮುದಾಯಿಕ ತಾಣಗಳ ನಿರ್ವಹಣಾ ತಂತ್ರಾಂಶಗಳ ಒಂದು ವಿಮರ್ಶೆ

ಬಸದಿಯ ಟ್ರಸ್ಟಿನ ಸಭೆಯಲ್ಲಿ ಜಾಲತಾಣದ ಪ್ರಸ್ತಾಪ ಬಂದಾಗ ನಡೆಯುವ ಚರ್ಚೆಯ ಸ್ವರೂಪ ನಮ್ಮಲ್ಲಿ ಅನೇಕರಿಗೆ ಪರಿಚಿತವೇ. ತಂತ್ರಾಂಶದ ಸಂಸ್ಥೆಯಿಂದ ಬಂದ ತರುಣನೊಬ್ಬ ದರಪಟ್ಟಿಯನ್ನು ಹಂಚುತ್ತಾನೆ. ಅದರಲ್ಲಿ ಮೂವತ್ತೋ ನಲವತ್ತೋ ಸೌಲಭ್ಯಗಳ ಹೆಸರುಗಳಿರುತ್ತವೆ. ಓಡುವ ಚಿತ್ರಗಳು, ದಾನ ಸ್ವೀಕಾರದ ಗುಂಡಿ, ಕಾರ್ಯಕ್ರಮಗಳ ಪಟ್ಟಿ, ವಧೂವರರ ವಿಭಾಗ, ಮೊಬೈಲಿಗೆ ಹೊಂದುವ ವಿನ್ಯಾಸ, ಎಷ್ಟು ಮಂದಿ ನೋಡಿದರೆಂಬ ಲೆಕ್ಕ. ಹಿರಿಯ ಧರ್ಮದರ್ಶಿಗಳು ಕನ್ನಡಕ ಸರಿಪಡಿಸಿಕೊಂಡು ಕೊನೆಯ ಸಾಲಿನ ಮೊತ್ತವನ್ನು ನೋಡುತ್ತಾರೆ. ಕಿರಿಯರು ಚಿತ್ರಗಳ ಅಂದವನ್ನು ಮೆಚ್ಚುತ್ತಾರೆ. ಕಾಫಿ ಬರುತ್ತದೆ, ಒಪ್ಪಿಗೆಯಾಗುತ್ತದೆ. ಈ ತಾಣದಲ್ಲಿ ಬರೆಯುವವರು ಯಾರು, ಬರೆದುದನ್ನು ತಿದ್ದುವವರು ಯಾರು, ತಿದ್ದಿದುದು ಯಾರಿಗೆ ಕಾಣುತ್ತದೆ, ಕೀಲಿಕೈ ಯಾರ ಬಳಿ ಇರುತ್ತದೆ ಎಂದು ಯಾರೂ ಕೇಳುವುದಿಲ್ಲ. ಮೈಸೂರಿನ ಒಂದು ಟ್ರಸ್ಟಿನಲ್ಲಿ ಕೆಲವು ವರ್ಷ ಕಾರ್ಯದರ್ಶಿಯಾಗಿದ್ದ ಈ ಲೇಖಕನೂ ಕೇಳಲಿಲ್ಲ. ಆ ತಪ್ಪಿನ ಅನುಭವವೇ ಈ ಬರಹಕ್ಕೆ ಪ್ರೇರಣೆ.

ಮೊದಲಿಗೆ ವಿಷಯದ ಪರಿಚಯ. ಆರಂಭದ ದಿನಗಳಲ್ಲಿ ಜಾಲತಾಣದ ಪ್ರತಿಯೊಂದು ಪುಟವನ್ನೂ ಕೈಯಿಂದಲೇ ರಚಿಸಬೇಕಾಗಿತ್ತು. ಒಂದು ದಿನಾಂಕ ಬದಲಿಸಬೇಕಾದರೂ ತಂತ್ರಜ್ಞನಿಗೆ ಹೇಳಿ ಕಳುಹಿಸಬೇಕು. ಈ ಪರಾವಲಂಬನೆಯನ್ನು ತಪ್ಪಿಸಿದ್ದು ವಿಷಯ ನಿರ್ವಹಣಾ ತಂತ್ರಾಂಶಗಳು. ಬರಹವನ್ನು ಒಂದು ಕಡೆ, ಅದರ ತೋರಿಕೆಯನ್ನು ಇನ್ನೊಂದು ಕಡೆ ಇಟ್ಟು, ಸಾಮಾನ್ಯ ವಿದ್ಯಾವಂತನೊಬ್ಬ ತನ್ನ ಪಾಸ್‌ವರ್ಡಿನಿಂದ ಒಳಗೆ ಹೋಗಿ ಪತ್ರ ಬರೆದಂತೆ ಬರೆದು ಪ್ರಕಟಿಸಬಹುದಾದ ಏರ್ಪಾಟು ಇದು. ಇವುಗಳಲ್ಲಿ ಡ್ರೂಪಲ್ 2001ರಲ್ಲಿ, ವಿಕಿಪೀಡಿಯವನ್ನು ಹೊತ್ತಿರುವ ಮೀಡಿಯಾವಿಕಿ 2002ರಲ್ಲಿ, ವರ್ಡ್‌ಪ್ರೆಸ್ 2003ರಲ್ಲಿ, ಜೂಮ್ಲಾ 2005ರಲ್ಲಿ ಬಂದವು. ನಾಲ್ಕೂ ಮುಕ್ತ ತಂತ್ರಾಂಶಗಳು. ಬಳಕೆಗೆ ಶುಲ್ಕವಿಲ್ಲ, ಒಳಗಿನ ರಚನೆಯನ್ನು ಯಾರು ಬೇಕಾದರೂ ನೋಡಬಹುದು.

ಹೆಸರುಗಳ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದ ವಿದ್ಯಾರ್ಥಿ ಡ್ರೀಸ್ ಬೈಟಾರ್ಟ್ ತನ್ನ ವಸತಿಗೃಹದ ಗೆಳೆಯರು ಊಟ, ಭೇಟಿಗಳ ಸುದ್ದಿ ಹಂಚಿಕೊಳ್ಳಲೆಂದು ಒಂದು ಸೂಚನಾಫಲಕ ಮಾಡಿದ. ಅದಕ್ಕೆ ಡಚ್ ಭಾಷೆಯಲ್ಲಿ ಹಳ್ಳಿ ಎಂಬ ಅರ್ಥದ ಹೆಸರಿಡಲು ಹೋಗಿ, ಅಕ್ಷರ ತಪ್ಪಿ, ಹನಿ ಎಂಬ ಅರ್ಥದ ಪದ ಒತ್ತಿದ. ಆ ಹನಿಯೇ ಡ್ರೂಪಲ್. ಜೂಮ್ಲಾ ಎಂಬುದು ಸ್ವಾಹಿಲಿ ಭಾಷೆಯಲ್ಲಿ ಎಲ್ಲರೂ ಒಟ್ಟಾಗಿ ಎಂಬ ಅರ್ಥದ ಪದ. ಅದರ ಮೂಲ ಅರಬ್ಬಿ; ನಮ್ಮ ಹಳೆಯ ಶಾನುಭೋಗರ ಲೆಕ್ಕದಲ್ಲಿ ಒಟ್ಟು ಮೊತ್ತಕ್ಕೆ ಬರೆಯುತ್ತಿದ್ದ ಜುಮ್ಲಾ ಅದೇ. ಹಳ್ಳಿ ಮತ್ತು ಒಟ್ಟು, ಎರಡೂ ಸಮುದಾಯದ ಪದಗಳೇ. ಆದರೆ ಹೆಸರಿನಲ್ಲಿರುವ ಸಮುದಾಯ ಬಳಕೆಯಲ್ಲಿ ತಾನಾಗಿ ಉಳಿಯುವುದಿಲ್ಲ.

ಕನ್ನಡಿಗರು ಈ ಉಪಕರಣಗಳನ್ನು ಗಂಭೀರವಾಗಿ ಬಳಸಿದ ದೃಷ್ಟಾಂತಗಳಿವೆ. 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರು ಆರಂಭಿಸಿದ ಸಂಪದ ತಾಣ ಡ್ರೂಪಲ್ ಮೇಲೆ ನಿಂತಿತ್ತು. ಅಲ್ಲಿ ಓದುಗನೇ ಲೇಖಕ. ಹೊಸದಾಗಿ ಬರೆಯಲಾರಂಭಿಸಿದ ಅದೆಷ್ಟೋ ಮಂದಿಗೆ ಮೊದಲ ಪುಟ ಸಿಕ್ಕಿದ್ದು ಅಲ್ಲಿ. ಕನ್ನಡ ವಿಕಿಪೀಡಿಯ 2003ರಲ್ಲಿ ಮೊದಲಾಯಿತು. ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಡಿ ಜಾಲಕ್ಕೆ ತರುವ ಕಾರ್ಯ 2014ರಲ್ಲಿ ಪ್ರಾರಂಭವಾಗಿ, ಅದರ ಲೇಖನಗಳು ಮೀಡಿಯಾವಿಕಿಯನ್ನೇ ಬಳಸುವ ಕನ್ನಡ ವಿಕಿಸೋರ್ಸ್‌ನಲ್ಲಿ ಒಂದೊಂದು ಪುಟವಾಗಿ ದೊರೆಯುತ್ತವೆ. ಮಾನಸಗಂಗೋತ್ರಿಯ ಗ್ರಂಥಾಲಯಕ್ಕೆ ಹೋಗಿ ದಪ್ಪ ಸಂಪುಟ ಇಳಿಸಿಕೊಂಡು ಓದಿದವರಿಗೆ ಇದರ ಬೆಲೆ ತಿಳಿದೀತು. ಆದ್ದರಿಂದ ತಂತ್ರಾಂಶ ಅಸಮರ್ಥವೆಂಬ ದೂರು ನನ್ನದಲ್ಲ. ಅದರಲ್ಲಿ ಇರುವ ಉತ್ತಮ ಗುಣಗಳನ್ನು ನಾವು ಬಳಸದೆ, ಅದರಲ್ಲಿ ಇಲ್ಲದ ಗುಣಗಳನ್ನು ಇವೆಯೆಂದು ನಂಬಿ ಕುಳಿತಿದ್ದೇವೆಂಬುದೇ ದೂರು.

ಇರುವ ಗುಣಗಳಲ್ಲಿ ಮೊದಲನೆಯದು ಅಧಿಕಾರದ ವಿಂಗಡಣೆ. ವರ್ಡ್‌ಪ್ರೆಸ್ ತಾನಾಗಿಯೇ ಐದು ಪಾತ್ರಗಳನ್ನು ಒದಗಿಸುತ್ತದೆ. ನಿರ್ವಾಹಕನಿಗೆ ಎಲ್ಲವೂ ಸಾಧ್ಯ. ಸಂಪಾದಕ ಎಲ್ಲರ ಬರಹವನ್ನೂ ತಿದ್ದಬಲ್ಲ, ಪ್ರಕಟಿಸಬಲ್ಲ, ಆದರೆ ತಾಣದ ರಚನೆಗೆ ಕೈ ಹಾಕಲಾರ. ಲೇಖಕ ತನ್ನದನ್ನು ಮಾತ್ರ ಪ್ರಕಟಿಸಬಲ್ಲ. ಅವನ ಕೆಳಗಿನವನು ಬರೆದು ಒಪ್ಪಿಸಬಲ್ಲನೇ ಹೊರತು ಪ್ರಕಟಿಸಲಾರ. ಅವನ ಬರಹ ಪರಿಶೀಲನೆಗಾಗಿ ಕಾದಿರುತ್ತದೆ. ಕೊನೆಯವನು ಬರಿಯ ಸದಸ್ಯ. ಡ್ರೂಪಲ್‌ನಲ್ಲಿ ಇನ್ನೂ ಸೂಕ್ಷ್ಮವಾದ ಕೋಷ್ಟಕವಿದ್ದು ಪಾತ್ರಗಳನ್ನು ನಾವೇ ಸೃಷ್ಟಿಸಿ, ಯಾವ ಬಗೆಯ ಬರಹವನ್ನು ಯಾರು ಮುಟ್ಟಬಹುದೆಂದು ಒಂದೊಂದಾಗಿ ಗುರುತು ಹಾಕಬಹುದು. ಒಂದು ಟ್ರಸ್ಟಿನ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಪುರೋಹಿತರು, ಯುವಕ ಸಂಘ, ಮಹಿಳಾ ಸಮಾಜ, ಇವರೆಲ್ಲರ ಜವಾಬ್ದಾರಿಯನ್ನು ಇದಕ್ಕಿಂತ ಚೆನ್ನಾಗಿ ವಿಂಗಡಿಸುವ ಸಾಧನವನ್ನು ನಾನು ಕಂಡಿಲ್ಲ.

ಆದರೆ ನಾವು ಮಾಡಿದ್ದೇನು? ತಾಣ ಸಿದ್ಧವಾದ ದಿನ ತರುಣ ಕೇಳಿದ: ಎಷ್ಟು ಖಾತೆಗಳು ಬೇಕು, ಸಾರ್? ನಾನು ಹೇಳಿದೆ: ಒಂದು ಸಾಕಪ್ಪ, ಎಲ್ಲರಿಗೂ ಅದೇ ಇರಲಿ, ಮರೆತರೆ ಒಬ್ಬರನ್ನೊಬ್ಬರು ಕೇಳಿಕೊಳ್ಳಬಹುದು. ಅಡ್ಮಿನ್ ಎಂಬ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ನಾಲ್ವರ ಡೈರಿಯಲ್ಲಿ. ಸೌಕರ್ಯವೆಂದು ನಾನು ಭಾವಿಸಿದ್ದೆ.

ಎರಡು ವರ್ಷ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅಭಿಷೇಕ ಮುಗಿದ ಹೊತ್ತಿನಲ್ಲಿ ವಯಸ್ಸಾದ ಶ್ರಾವಿಕೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಸಭಾಭವನದ ನಿವೇಶನವನ್ನು ಬಹಳ ಹಿಂದೆ ಎರಡು ಮನೆತನಗಳು ಸೇರಿ ಕೊಟ್ಟದ್ದು. ತಾಣದ ಇತಿಹಾಸದ ಪುಟದಲ್ಲಿ ಎರಡೂ ಹೆಸರುಗಳಿದ್ದವು. ಈಗ ಒಂದೇ ಇದೆ. ಆಕೆಯ ಮೊಮ್ಮಗ ಬೆಂಗಳೂರಿನಲ್ಲಿ ಕುಳಿತು ನೋಡಿ ಫೋನು ಮಾಡಿದ್ದಾನೆ. “ಕಾರ್ಯದರ್ಶಿಗಳೇ, ನಮ್ಮ ಮಾವನವರ ಹೆಸರು ಬೇಕೆಂದು ಹೇಳಲು ನಾನು ಬಂದಿಲ್ಲ. ಅವರು ಕೊಟ್ಟದ್ದು ಹೆಸರಿಗಲ್ಲ. ಇದ್ದುದನ್ನು ತೆಗೆದವರು ಯಾರು ಎಂದಷ್ಟೇ ತಿಳಿಸಿ,” ಎಂದರು.

ಮನೆಗೆ ಹೋಗಿ ತೆರೆದು ನೋಡಿದೆ. ವರ್ಡ್‌ಪ್ರೆಸ್ 2008ರಿಂದಲೂ ಬರಹದ ಪ್ರತಿಯೊಂದು ಹಳೆಯ ರೂಪವನ್ನು ಕಾಪಾಡುತ್ತ ಬಂದಿದೆ. ಹಳೆಯದು, ಹೊಸದು ಅಕ್ಕಪಕ್ಕದಲ್ಲಿ ನಿಂತವು; ಅಳಿಸಿದ ಸಾಲು ಕೆಂಪಾಗಿ ಕಂಡಿತು. ದಿನಾಂಕವಿತ್ತು, ರಾತ್ರಿಯ ಗಂಟೆ ನಿಮಿಷಗಳಿದ್ದವು. ತಿದ್ದಿದವರ ಹೆಸರಿರಬೇಕಾದ ಜಾಗದಲ್ಲಿ ಅಡ್ಮಿನ್ ಎಂದಿತ್ತು. ಸತ್ಯವನ್ನು ಹೇಳುವ ಸಾಮರ್ಥ್ಯ ತಂತ್ರಾಂಶಕ್ಕಿತ್ತು. ಅದರ ಬಾಯಿಗೆ ಬೀಗ ಹಾಕಿದವನು ನಾನು. ಒಂದು ಗುಂಡಿ ಒತ್ತಿ ಹಳೆಯ ಪುಟವನ್ನು ಮರಳಿ ತಂದದ್ದಾಯಿತು. ಆದರೆ ಆಕೆ ಕೇಳಿದ್ದು ಅದನ್ನಲ್ಲ. ನಾಲ್ವರಲ್ಲಿ ನಾನೂ ಒಬ್ಬನಾದುದರಿಂದ ನಾನಲ್ಲವೆಂದು ಹೇಳುವ ನೈತಿಕ ಸ್ಥಾನವೂ ನನಗೆ ಉಳಿದಿರಲಿಲ್ಲ. ಉಳಿದ ಮೂವರೂ ತಾವಲ್ಲವೆಂದರು. ಮೂವರನ್ನೂ ನಂಬಬೇಕು, ಮೂವರನ್ನೂ ಸಂಶಯಿಸಬೇಕು. ಸಮಾಜದೊಳಗೆ ಇದಕ್ಕಿಂತ ಕೆಟ್ಟ ಸ್ಥಿತಿ ಇಲ್ಲ.

ತಿದ್ದುಪಡಿಗೆ ಹೆಸರು, ದಿನಾಂಕ, ಕಾರಣ ಮೂರೂ ಇರಬೇಕೆಂಬುದು ಹೊಸ ಆದರ್ಶವೇನೂ ಅಲ್ಲ. ನಮ್ಮ ಓಲೆಗರಿ ಪ್ರತಿಗಳ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಬರೆದು ಮುಗಿಸಿದ ತಿಥಿ, ಯಾರ ಸಲುವಾಗಿ ಬರೆದೆನೆಂಬುದನ್ನು ನಮೂದಿಸಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಪ್ರಾರ್ಥಿಸುವುದು ರೂಢಿ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಅಭಿಮಾನದಿಂದ ಹೇಳುವ ನಾವು, ಸಾವಿರ ಕೈ ಬರೆದಲ್ಲಿ ಸಾವಿರ ಪಾಠಭೇದಗಳಿಗೂ ಅವಕಾಶವಿತ್ತೆಂಬುದನ್ನು ನೆನೆಯುವುದಿಲ್ಲ. ಯಾವ ಪ್ರತಿ ಯಾರದೆಂದು ತಿಳಿದರೆ ಮಾತ್ರ ಸಂಪಾದಕ ಮುಂದಡಿ ಇಡಬಲ್ಲ.

ಈ ದೃಷ್ಟಿಯಿಂದ ನೋಡಿದಾಗ ತಂತ್ರಾಂಶಗಳಲ್ಲಿ ತರತಮವಿದೆ. ಮೀಡಿಯಾವಿಕಿಯಲ್ಲಿ ಪ್ರತಿ ತಿದ್ದುಪಡಿಯ ಜೊತೆಗೆ ಏಕೆ ತಿದ್ದಿದೆನೆಂದು ಬರೆಯಲು ಒಂದು ಸಾಲು ಇರುತ್ತದೆ, ಪುಟದ ಪೂರ್ವಚರಿತ್ರೆ ಪ್ರತಿಯೊಬ್ಬ ಓದುಗನಿಗೂ ತೆರೆದಿರುತ್ತದೆ, ವಾದವಿವಾದಕ್ಕೆ ಬೇರೆಯೇ ಪುಟವಿರುತ್ತದೆ. ಡ್ರೂಪಲ್‌ನಲ್ಲಿಯೂ ಕಾರಣ ಬರೆಯುವ ಸ್ಥಳವಿದೆ. ವರ್ಡ್‌ಪ್ರೆಸ್‌ನಲ್ಲಿ ಹಳೆಯ ರೂಪಗಳಿವೆ, ಕಾರಣದ ಸಾಲಿಲ್ಲ. ಚರಿತ್ರೆ ಕಾಣುವುದು ಒಳಗಿನವರಿಗೆ ಮಾತ್ರ. ಪುಟವನ್ನೇ ಕಸದ ಬುಟ್ಟಿಗೆ ಹಾಕಿದರೆ ಮೂವತ್ತು ದಿನಗಳ ನಂತರ ಹಳೆಯ ರೂಪಗಳ ಸಮೇತ ಅದು ಇಲ್ಲವಾಗುತ್ತದೆ. ನಮ್ಮ ಟ್ರಸ್ಟುಗಳು ಸುಲಭವೆಂದು ಬಹುಪಾಲು ಆರಿಸುವುದು ಇದನ್ನೇ. ಸುಲಭವೆಂಬುದು ನಿಜ. ಇತಿಹಾಸದ ಪುಟ, ದಾನಿಗಳ ಪಟ್ಟಿ, ವಾರ್ಷಿಕ ಲೆಕ್ಕಪತ್ರ, ಈ ಮೂರಕ್ಕಾದರೂ ಪುಟದ ಅಡಿಯಲ್ಲಿ ಕೈಯಾರೆ ತಿದ್ದುಪಡಿಯ ದಿನಾಂಕ, ಕಾರಣ ಬರೆಯುವ ನಿಯಮವಿದ್ದರೆ ಕೊರತೆ ತುಂಬೀತು. (ವಿಕಿಯೇ ನಮ್ಮ ಅನೇಕಾಂತವಾದದ ಆಧುನಿಕ ರೂಪವೆಂದು ಭಾಷಣ ಮಾಡುವವರನ್ನು ಕೇಳಿದ್ದೇನೆ. ಅಷ್ಟು ದೂರ ಹೋಗುವ ಉತ್ಸಾಹ ನನಗಿಲ್ಲ. ಹತ್ತು ಮಂದಿ ತಿದ್ದಿದ ಮಾತ್ರಕ್ಕೆ ಹತ್ತು ನಯಗಳ ವಿಚಾರವಾಗುವುದಿಲ್ಲ. ಹತ್ತು ಮಂದಿಯ ಹಟವೂ ಆಗಬಹುದು.)

ವಿಳಾಸದ ಸ್ಥಿರತೆ ಇನ್ನೊಂದು ಗುಣ. ಇದರ ಮಹತ್ವ ತಿಳಿಯಲು ಶ್ರವಣಬೆಳಗೊಳದ ಶಾಸನಗಳ ಮುದ್ರಣದ ಕಥೆಗಿಂತ ಒಳ್ಳೆಯ ಪಾಠವಿಲ್ಲ. ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500 ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ತಂದ ಆವೃತ್ತಿಯಲ್ಲಿ 573. ಜ್ಞಾನ ಬೆಳೆಯಿತು, ಸಂತೋಷ. ಆದರೆ ಕ್ರಮಾಂಕಗಳು ಸರಿದವು. ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ರೈಸ್ ಅವರಲ್ಲಿ 54, ನರಸಿಂಹಾಚಾರ್ಯರಲ್ಲಿ 67. ಮುಂದಿನ ಆವೃತ್ತಿಯಲ್ಲಿ ಮತ್ತೆ ಬೇರೆ. ಹಳೆಯ ಪ್ರಬಂಧದಲ್ಲಿ 54 ಎಂದು ನೋಡಿದ ವಿದ್ಯಾರ್ಥಿ ಹೊಸ ಸಂಪುಟದ 54ನೆಯದನ್ನು ತೆರೆದರೆ ಬೇರೊಂದು ಶಾಸನದ ಮುಂದೆ ನಿಲ್ಲುತ್ತಾನೆ. ಅದಕ್ಕೇ ವಿದ್ವಾಂಸರು ಎರಡು ಕ್ರಮಾಂಕಗಳನ್ನು ಜೊತೆಯಲ್ಲಿ, ಒಂದನ್ನು ಕಂಸದಲ್ಲಿಟ್ಟು, ಬರೆಯುವ ರೂಢಿ ಮಾಡಿಕೊಂಡರು.

ಜಾಲತಾಣದಲ್ಲಿ ಕ್ರಮಾಂಕದ ಸ್ಥಾನದಲ್ಲಿರುವುದು ಪುಟದ ವಿಳಾಸ. ಟ್ರಸ್ಟು ಬದಲಾದಾಗಲೆಲ್ಲ ಹೊಸ ಸಂಸ್ಥೆಗೆ ಕೆಲಸ ವಹಿಸಿ ಹೊಸ ತಾಣ ಕಟ್ಟಿಸುವ ಚಪಲ ನಮ್ಮಲ್ಲಿದೆ. ಹಳೆಯ ವಿಳಾಸಗಳೆಲ್ಲ ಸಾಯುತ್ತವೆ. ಅವನ್ನು ಉಲ್ಲೇಖಿಸಿದ ಪ್ರಬಂಧಗಳು, ಮಿಂಚಂಚೆಗಳು, ಆಮಂತ್ರಣ ಪತ್ರಿಕೆಗಳು ಗೋಡೆಗೆ ಮುಖ ಮಾಡಿ ನಿಲ್ಲುತ್ತವೆ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ ಸೌಲಭ್ಯ ಈ ಎಲ್ಲ ತಂತ್ರಾಂಶಗಳಿಗೂ ಉಂಟು. ದರಪಟ್ಟಿಯಲ್ಲಿ ಅದು ಇರುವುದಿಲ್ಲ, ಕೇಳಿದರೆ ಮಾಡಿಕೊಡುತ್ತಾರೆ.

ಇಲ್ಲಿ ಕನ್ನಡಕ್ಕೇ ವಿಶಿಷ್ಟವಾದ ತೊಡಕೊಂದಿದೆ. ಕನ್ನಡದ ಒಂದೊಂದು ಅಕ್ಷರಭಾಗವೂ ವಿಳಾಸದಲ್ಲಿ ಒಂಬತ್ತು ರೋಮನ್ ಚಿಹ್ನೆಗಳಾಗಿ ಹಿಗ್ಗುತ್ತದೆ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ತಾನಾಗಿ ವಿಳಾಸ ರಚಿಸುವಾಗ 200 ಚಿಹ್ನೆಗಳಿಗೆ ನಿಲ್ಲಿಸಿಬಿಡುತ್ತದೆ. ಅಂದರೆ ಒತ್ತು, ಕೊಂಬು, ದೀರ್ಘಗಳನ್ನೂ ಎಣಿಸಿದರೆ ಇಪ್ಪತ್ತೆರಡೇ ಕನ್ನಡ ಭಾಗಗಳು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಎಂದು ಶೀರ್ಷಿಕೆ ಕೊಟ್ಟರೆ ವಿಳಾಸ ಮಹಾಮಸ್ತಕಾಭ ಎಂಬಲ್ಲಿಗೆ ತುಂಡಾಗುತ್ತದೆ, ಅಭಿಷೇಕ ಪೂರ್ತಿಯಾಗುವುದಿಲ್ಲ. ಚಿಕ್ಕದೊಂದು ವಿಳಾಸವನ್ನು ನಾವೇ ಕೊಟ್ಟರೆ ತೊಂದರೆ ತಪ್ಪುತ್ತದೆ, ಆದರೆ ಹಾಗೆ ಕೊಡಬಹುದೆಂದು ಬರೆಯುವವರಿಗೆ ಯಾರಾದರೂ ಹೇಳಬೇಕು.

ಹುಡುಕುವ ಸೌಲಭ್ಯವೂ ಕನ್ನಡದ ಸ್ವಭಾವ ಅರಿಯದು. ವರ್ಡ್‌ಪ್ರೆಸ್‌ನ ಹುಡುಕಾಟ ನಾವು ಕೊಟ್ಟ ಅಕ್ಷರಗಳು ಅದೇ ಕ್ರಮದಲ್ಲಿ ಎಲ್ಲಿವೆಯೆಂದು ನೋಡುತ್ತದೆಯೇ ಹೊರತು ಪದವನ್ನು ಬಲ್ಲುದಲ್ಲ. ಶಾಸನಗಳು ಎಂದು ಹುಡುಕಿದರೆ ಶಾಸನಗಳಲ್ಲಿ, ಶಾಸನಗಳಿಂದ ಎಂದಿರುವ ಪುಟಗಳು ಸಿಗುವುದಿಲ್ಲ, ಏಕೆಂದರೆ ಕೊನೆಯ ಕೊಂಬು ಅಲ್ಲಿಲ್ಲ. ಮರ ಎಂದು ಹುಡುಕಿದರೆ ಸಮರವೂ ಮರಣವೂ ಅಮರವೂ ಬರುತ್ತವೆ. ವಿಭಕ್ತಿ ಪ್ರತ್ಯಯಗಳಿಂದಲೇ ಜೀವಿಸುವ ಭಾಷೆಗೆ ಇದು ಸಾಲದು. ಪ್ರತ್ಯಯ ಬಿಟ್ಟು ಪ್ರಕೃತಿಯನ್ನು ಮಾತ್ರ ಹುಡುಕಬೇಕೆಂಬ ಸೂಚನೆಯನ್ನು ಪೆಟ್ಟಿಗೆಯ ಪಕ್ಕದಲ್ಲಿ ಬರೆದಿಡುವುದು ಸದ್ಯದ ಪರಿಹಾರ. ವ್ಯಾಕರಣ ಮರೆತವರಿಗೆ ಒಂದು ಪಾಠವೂ ಆಗುತ್ತದೆ.

ಕಾರ್ಯಕ್ರಮಪಟ್ಟಿಯ ವಿಷಯದಲ್ಲಿ ಮಾತ್ರ ನನ್ನ ಅಸಮಾಧಾನ ಹೆಚ್ಚು. ಪ್ರತಿ ತಿಂಗಳ ಎರಡನೆಯ ಭಾನುವಾರ ಎಂದರೆ ತಂತ್ರಾಂಶಕ್ಕೆ ತಿಳಿಯುತ್ತದೆ. ಪ್ರತಿ ಅಷ್ಟಮಿ, ಚತುರ್ದಶಿ ಎಂದರೆ ತಿಳಿಯುವುದಿಲ್ಲ. ಸೂರ್ಯಚಂದ್ರರ ಅಂತರ ಹನ್ನೆರಡು ಅಂಶ ಬೆಳೆಯುವಷ್ಟು ಕಾಲ ಒಂದು ತಿಥಿ. ಅದು ದಿನದ ಅಳತೆಗೆ ಕೂಡುವುದಿಲ್ಲ. ಒಮ್ಮೆ ತಿಥಿ ಲೋಪವಾಗುತ್ತದೆ, ಒಮ್ಮೆ ಎರಡು ಸೂರ್ಯೋದಯಗಳನ್ನು ಕಾಣುತ್ತದೆ. ಚೈತ್ರ ಶುಕ್ಲ ತ್ರಯೋದಶಿಯ ಮಹಾವೀರ ಜಯಂತಿ 2024ರಲ್ಲಿ ಏಪ್ರಿಲ್ 21ರಂದು, 2025ರಲ್ಲಿ ಏಪ್ರಿಲ್ 10ರಂದು ಬಂದಿತು. ಪ್ರತಿ ವರ್ಷ ಮರುಕಳಿಸಲಿ ಎಂದು ಗುಂಡಿ ಒತ್ತಿ ಸುಮ್ಮನಾದ ಟ್ರಸ್ಟುಗಳ ತಾಣದಲ್ಲಿ ಭಗವಾನರ ಜಯಂತಿ ಹಳೆಯ ದಿನಾಂಕಕ್ಕೇ ಅಂಟಿಕೊಂಡಿರುತ್ತದೆ.

ಪಂಚಾಂಗದ ಪ್ಲಗಿನ್‌ಗಳು ದೊರೆಯುತ್ತವಲ್ಲ ಎನ್ನಬಹುದು. ದೊರೆಯುತ್ತವೆ, ಆದರೆ ಉತ್ತರದ ಪೂರ್ಣಿಮಾಂತ ಗಣನೆಯ ಪಟ್ಟಿಯನ್ನು ಕಣ್ಣು ಮುಚ್ಚಿ ಕನ್ನಡಕ್ಕೆ ಇಳಿಸಿದರೆ ಅನರ್ಥ ಕಾದಿದೆ. ಮಹಾವೀರ ನಿರ್ವಾಣದ ದಿನ ಅಲ್ಲಿಯ ಗಣನೆಯಲ್ಲಿ ಕಾರ್ತಿಕ ಕೃಷ್ಣ ಅಮಾವಾಸ್ಯೆ. ಅಮಾಂತ ಗಣನೆಯ ನಮಗೆ ಅದೇ ದಿನ ಆಶ್ವಯುಜ ಬಹುಳ ಅಮಾವಾಸ್ಯೆ. ಹೆಸರನ್ನು ಹಾಗೆಯೇ ಎತ್ತಿಕೊಂಡರೆ ನಮ್ಮ ಶ್ರಾವಕರು ದೀಪಾವಳಿ ಕಳೆದು ಒಂದು ತಿಂಗಳ ಮೇಲೆ ಲಾಡು ಅರ್ಪಿಸಬೇಕಾದೀತು. ಇಂಥದನ್ನು ತಡೆಯುವ ಸೌಲಭ್ಯ ಯಾವ ದರಪಟ್ಟಿಯಲ್ಲಿಯೂ ಇಲ್ಲ. ಪಂಚಾಂಗ ಬಲ್ಲ ಒಬ್ಬ ಹಿರಿಯರು ವರ್ಷಕ್ಕೊಮ್ಮೆ ಕುಳಿತು ದಿನಾಂಕಗಳನ್ನು ಒಂದೊಂದಾಗಿ ತುಂಬಿಸುವುದೇ ಸರಿಯಾದ ದಾರಿ.

ಇನ್ನು ನನ್ನ ಪ್ರಕಾರ ಅತ್ಯಂತ ಗಂಭೀರವಾದ ವಿಷಯ. ನಮ್ಮ ಟ್ರಸ್ಟುಗಳಲ್ಲಿ ಬಹಳಷ್ಟು ಬಡ ವಿದ್ಯಾರ್ಥಿಗಳಿಗೆ ವೇತನ ಕೊಡುತ್ತವೆ. ಅರ್ಜಿಯನ್ನು ತಾಣದ ಮೂಲಕವೇ ತರಿಸಿಕೊಳ್ಳುವುದು ಈಗ ರೂಢಿ. ಅಂಕಪಟ್ಟಿ, ಆಧಾರ್ ಪ್ರತಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪುಸ್ತಕದ ಮೊದಲ ಪುಟ ಎಲ್ಲವನ್ನೂ ವಿದ್ಯಾರ್ಥಿ ಏರಿಸುತ್ತಾನೆ. ಆ ಪುಟಕ್ಕೆ ಖಾಸಗಿ ಎಂಬ ಗುರುತು ಹಾಕಿದ್ದೇವೆ, ಆದ್ದರಿಂದ ಸುರಕ್ಷಿತವೆಂದು ಟ್ರಸ್ಟು ನಂಬಿರುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಪುಟ ಖಾಸಗಿಯಾದರೂ ಅದರೊಳಗಿನ ಕಡತ ಖಾಸಗಿಯಾಗುವುದಿಲ್ಲ. ಏರಿಸಿದ ಕಡತಗಳು ವರ್ಷ, ತಿಂಗಳುಗಳ ಹೆಸರಿನ ಕೋಶಗಳಲ್ಲಿ ಕೂಡುತ್ತವೆ. ಕಡತದ ನೇರ ವಿಳಾಸ ತಿಳಿದ ಯಾರು ಬೇಕಾದರೂ ಪಾಸ್‌ವರ್ಡ್ ಇಲ್ಲದೆಯೇ ತೆರೆಯಬಹುದು. ಸರ್ವರಿನ ಜೋಡಣೆ ಸಡಿಲವಾಗಿದ್ದರೆ ಕೋಶದ ಪಟ್ಟಿಯೇ ಹೊರಗೆ ಕಾಣುತ್ತದೆ. ಡ್ರೂಪಲ್‌ನಲ್ಲಿ ಖಾಸಗಿ ಕಡತಗಳಿಗೆ ಬೇರೆಯೇ ಕೋಶವನ್ನು ನಿಯಮಿಸುವ ವ್ಯವಸ್ಥೆ ಮೂಲದಲ್ಲಿಯೇ ಇದೆ; ವರ್ಡ್‌ಪ್ರೆಸ್‌ನಲ್ಲಿ ಅದನ್ನು ಹೊರಗಿನಿಂದ ತರಬೇಕು.

ಗುಪ್ತದಾನ ಶ್ರೇಷ್ಠವೆಂದು ನಾವು ದಾನಿಯ ಹೆಸರನ್ನು ಮುಚ್ಚಿಡುತ್ತೇವೆ. ಪಡೆದವನ ಬಡತನವನ್ನು ಮುಚ್ಚಿಡುವ ಕರ್ತವ್ಯ ಅದಕ್ಕಿಂತ ಕಡಿಮೆಯದೇನು? ತಂದೆಯ ಸಂಪಾದನೆ ಇಷ್ಟೇ ಎಂಬ ಕಾಗದ ಮಗಳ ಮದುವೆಯ ಮಾತುಕತೆಯ ಸಮಯದಲ್ಲಿ ಎದುರು ಮನೆಯವರ ಮೊಬೈಲಿನಲ್ಲಿ ತೆರೆದುಕೊಂಡರೆ, ಆ ನೋವಿಗೆ ಕೈಯಿಟ್ಟವರು ನಾವೇ. ಪ್ರಮಾದದಿಂದ ಆದದ್ದು ಎಂದು ಹೇಳುವಂತಿಲ್ಲ. ಪ್ರಮಾದವೇ ಹಿಂಸೆಯ ಮೂಲವೆಂದು ಕಲಿತವರು ನಾವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಹದಿನೆಂಟು ವರ್ಷ ತುಂಬದವರ ಮಾಹಿತಿಗೆ ತಂದೆತಾಯಿಯರ ಒಪ್ಪಿಗೆಯನ್ನು ಕೇಳುತ್ತದೆ, ಉದ್ದೇಶ ಮುಗಿದ ಮೇಲೆ ಅಳಿಸಬೇಕೆನ್ನುತ್ತದೆ. ಕಾನೂನಿಗಾಗಿ ಕಾಯಬೇಕಾಗಿರಲಿಲ್ಲ. ವೇತನ ಮಂಜೂರಾದ ನಂತರವೂ ಹತ್ತು ವರ್ಷದ ಅರ್ಜಿಗಳನ್ನು ಕೂಡಿಟ್ಟುಕೊಳ್ಳುವುದು ಪರಿಗ್ರಹವಲ್ಲದೆ ಮತ್ತೇನು? ಅರ್ಜಿಗಳನ್ನು ಕಾಗದದಲ್ಲಿಯೇ ತೆಗೆದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕುವ ಹಳೆಯ ಪದ್ಧತಿ ಈ ಒಂದು ವಿಷಯದಲ್ಲಿ ಮೇಲು ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಹಾಗೆಂದು ಎಲ್ಲಕ್ಕೂ ಬೀಗ ಹಾಕುವುದು ಸರಿಯಲ್ಲ. ಮೂಡಬಿದಿರೆಯ ಧವಲಾ ಓಲೆಗರಿಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಹೊರಬಂದ ಮೇಲೆ, ಹದಿನಾರು ಸಂಪುಟಗಳಲ್ಲಿ, ಆ ಜ್ಞಾನ ಸ್ವಾಧ್ಯಾಯಕ್ಕೆ ಸಿಕ್ಕಿತು. ನಮ್ಮ ತಾಣಗಳಲ್ಲಿ ಇದರ ವಿಪರೀತವೇ ನಡೆದಿದೆ. ಹಳೆಯ ಸ್ಮರಣಸಂಚಿಕೆಗಳು, ಉಪನ್ಯಾಸಗಳು, ಬಸದಿಯ ಶಾಸನಪಾಠ ಸದಸ್ಯರಿಗೆ ಮಾತ್ರ ಎಂಬ ಬಾಗಿಲ ಹಿಂದೆ. ವಿದ್ಯಾರ್ಥಿಯ ಬ್ಯಾಂಕ್ ಖಾತೆ ಬೀದಿಯಲ್ಲಿ.

ಪಾಲನೆಯ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಜಾಲತಾಣ ಕಟ್ಟಿಸಿ ಬಿಡುವ ಕಟ್ಟಡವಲ್ಲ. 2014ರ ಅಕ್ಟೋಬರ್ 15ರಂದು ಡ್ರೂಪಲ್‌ನಲ್ಲಿ ದೊಡ್ಡ ದೋಷವೊಂದು ಪ್ರಕಟವಾಯಿತು. ಎರಡು ವಾರಗಳ ನಂತರ ಅದರ ಸುರಕ್ಷಾ ತಂಡವೇ, ಪ್ರಕಟಣೆಯಾದ ಏಳು ಗಂಟೆಗಳೊಳಗೆ ಸರಿಪಡಿಸಿಕೊಳ್ಳದ ತಾಣಗಳು ಕಳ್ಳರ ವಶವಾಗಿವೆಯೆಂದೇ ಭಾವಿಸತಕ್ಕದ್ದು ಎಂದು ಎಚ್ಚರಿಸಿತು. ಏಳು ಗಂಟೆ! ನಮ್ಮ ಟ್ರಸ್ಟಿನ ಸಭೆ ಸೇರಲು ಏಳು ದಿನಗಳ ನೋಟೀಸು ಬೇಕು. 2011ರಲ್ಲಿ ಬಂದ ಡ್ರೂಪಲ್ 7ಕ್ಕೆ 2025ರ ಜನವರಿ 5ರಂದು ಅಧಿಕೃತ ಬೆಂಬಲ ನಿಂತುಹೋಯಿತು. ಅದರ ಮೇಲೆ ನಿಂತ ತಾಣಗಳು ಕಾವಲಿಲ್ಲದ ಮನೆಗಳು. ವರ್ಡ್‌ಪ್ರೆಸ್ ಸಣ್ಣ ತಿದ್ದುಪಡಿಗಳನ್ನು 2013ರಿಂದ ತಾನೇ ಹಾಕಿಕೊಳ್ಳುತ್ತದೆ, ಅದು ಸಣ್ಣ ಟ್ರಸ್ಟುಗಳಿಗೆ ದೊಡ್ಡ ಉಪಕಾರ. ಆದರೆ ಕಂಡಕಂಡ ಪ್ಲಗಿನ್‌ಗಳನ್ನು ಹೊರಿಸಿದ ತಾಣದಲ್ಲಿ ದೋಷ ಬರುವುದು ಹೆಚ್ಚಾಗಿ ಆ ಹೊರೆಯಿಂದ. ನಮ್ಮ ತಾಣದಲ್ಲಿ ಎಣಿಸಿದಾಗ ಇಪ್ಪತ್ತಾರು ಇದ್ದವು. ಹಿಮ ಬೀಳಿಸುವ ಪ್ಲಗಿನ್ ಒಂದು ಅವುಗಳ ನಡುವೆ ಇತ್ತು. ಮೈಸೂರಿನ ಬಸದಿಯ ಮೇಲೆ ಹಿಮ ಏಕೆ ಬೀಳಬೇಕೆಂದು ಯಾರಿಗೂ ತಿಳಿಯದು. ಇಪ್ಪತ್ತು ತೆಗೆದೆವು, ತಾಣಕ್ಕೆ ಏನೂ ಆಗಲಿಲ್ಲ, ಬೇಗ ತೆರೆಯತೊಡಗಿತು.

ಡೊಮೇನ್ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ನವೀಕರಣದ ಸೂಚನೆ ಯಾರ ಮಿಂಚಂಚೆಗೆ ಬರುತ್ತದೆ ಎಂಬೆರಡನ್ನು ಪ್ರತಿ ಟ್ರಸ್ಟೂ ಇಂದೇ ನೋಡಿಕೊಳ್ಳಬೇಕು. ನಿವೇಶನದ ಪತ್ರವನ್ನು ಮೇಸ್ತ್ರಿಯ ಹೆಸರಿನಲ್ಲಿ ಮಾಡಿಸುವವರಿಲ್ಲ. ಡೊಮೇನನ್ನು ಮಾತ್ರ ತಂತ್ರಜ್ಞನ ಹೆಸರಿನಲ್ಲಿ ಬಿಟ್ಟಿರುತ್ತೇವೆ. ತಿಂಗಳಿಗೊಮ್ಮೆ ಪೂರ್ತಿ ಪ್ರತಿಯನ್ನು ಹೊರಗಿಳಿಸಿ ಟ್ರಸ್ಟಿನ ಕಚೇರಿಯಲ್ಲಿ ಇಟ್ಟುಕೊಳ್ಳುವುದೂ ಅಷ್ಟೇ ಅಗತ್ಯ.

ನಮ್ಮ ತಾಣದಲ್ಲಿ ಈಗ ಆರು ಖಾತೆಗಳಿವೆ, ಒಂದೊಂದಕ್ಕೂ ಅವರವರ ಹೆಸರು. ಯುವಕ ಸಂಘದವರು ಬರೆದದ್ದು ಪರಿಶೀಲನೆಯಾಗಿಯೇ ಹೊರಬರುತ್ತದೆ. ಅವರಿಗೆ ಸ್ವಲ್ಪ ಮುನಿಸಿದೆ. ಅಧಿಕಾರ ಹಸ್ತಾಂತರದ ದಿನ ತಿಜೋರಿಯ ಕೀಲಿಕೈ, ಚೆಕ್ ಪುಸ್ತಕಗಳ ಜೊತೆಗೆ ಖಾತೆಗಳ ಪಟ್ಟಿಯನ್ನೂ ಓದಿ, ಹೋಗುವವರ ಖಾತೆ ಮುಚ್ಚಿ, ಬರುವವರದನ್ನು ತೆರೆದು, ನಡಾವಳಿಯ ಪುಸ್ತಕದಲ್ಲಿ ಬರೆಯಬೇಕೆಂದು ನಿರ್ಣಯವಾಗಿದೆ. ಇತಿಹಾಸದ ಪುಟದ ಅಡಿಯಲ್ಲಿ ಎರಡು ಸಾಲು ಸೇರಿಸಿದ್ದೇನೆ: ಈ ಪುಟದಿಂದ ಒಂದು ಮನೆತನದ ಹೆಸರು ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಬಿಟ್ಟುಹೋಗಿತ್ತು, ಬಿಟ್ಟವರು ಯಾರೆಂದು ತಿಳಿಯದಂತಾದುದು ಅಂದಿನ ಕಾರ್ಯದರ್ಶಿಯ ಲೋಪ. ಅದನ್ನು ಮೊಬೈಲಿನಲ್ಲಿ ತೋರಿಸಿದಾಗ ಆ ಹಿರಿಯ ಶ್ರಾವಿಕೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ನಿಮ್ಮ ಹೆಸರು ಏಕೆ ಬರೆದುಕೊಂಡಿಲ್ಲ?” ಎಂದು ಕೇಳಿದರು. ಅಂದು ಸಂಜೆಯೇ ಬರೆದೆ.